ವಾರಂಟಿಗೆ ಸೇರದ ಸೆಕೆ

ಮಾರ್ಚ್ ೯

ಎಸಿ ಕಂಪನಿಯ ಕ್ಲೇಮು ವಿಭಾಗದಲ್ಲಿ ಕೂತಿರುವ ನನ್ನ ಮಗರಾಯನಿಗೆ,

ಫೋನಿನಲ್ಲಿ ಹೇಳಿದರೆ ನೀನು ‘ಆಯ್ತಮ್ಮ, ನೋಡ್ತೀನಮ್ಮ’ ಎಂದು ಇಟ್ಟುಬಿಡುತ್ತೀ. ಕಾಗದದ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿ ನನ್ನನ್ನು ಕರೆಸಿ ನಿಮ್ಮ ಕಂಪನಿಯ ಪತ್ರವನ್ನು ಮುಂದಕ್ಕೆ ತಳ್ಳಿದರು. ಡಯಾಲಿಸಿಸ್ ಕೋಣೆಯ ಎಸಿಯ ಕಂಪ್ರೆಸರ್ ಸುಟ್ಟುಹೋಗಿರುವುದಕ್ಕೆ ಕಂಪನಿ ಹೊಣೆಯಲ್ಲವಂತೆ. ‘ಅಳವಡಿಕೆಯ ದೋಷ. ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ.’ ಕೆಳಗೆ ನಿನ್ನ ಹೆಸರು, ನಿನ್ನ ಸಹಿ.

‘ಸಿಸ್ಟರ್, ಇವರು ನಿಮ್ಮ ಮಗ ಅಲ್ವಾ?’ ಎಂದು ಕೇಳಿದರು. ‘ಹೌದು ಸಾರ್’ ಎಂದೆ. ನೆಲ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ.

ಇದು ಎರಡನೆಯ ಕಂಪ್ರೆಸರ್. ಕಳೆದ ಮಳೆಗಾಲದಲ್ಲಿ ಹೊಸ ಯಂತ್ರ ಹಾಕಿಸಿದೆವು. ಚಳಿಗಾಲಕ್ಕೆ ಮೊದಲಿನದು ಹೋಯಿತು. ಆಗ ಮರುಮಾತಿಲ್ಲದೆ ಬೇರೆ ಕಂಪ್ರೆಸರ್ ಕೊಟ್ಟಿರಿ. ಎರಡನೆಯದು ಬೇಸಿಗೆ ಬಾಗಿಲಿಗೆ ಬರುತ್ತಿದ್ದಂತೆ ಕಣ್ಣು ಮುಚ್ಚಿತು. ಬೇಸಿಗೆಗೆ ಬೇಡವಾದ ಎಸಿ ಇನ್ನು ಯಾವ ಕಾಲಕ್ಕೆ?

ಈ ಕೋಣೆ ನೀನು ನೋಡಿದ್ದೀ. ಧೂಳು ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದೇವೆ. ಪ್ರತಿ ಹಾಸಿಗೆಯ ಪಕ್ಕದಲ್ಲೂ ಒಂದು ಯಂತ್ರ, ಪ್ರತಿ ಯಂತ್ರವೂ ಬಿಸಿ ಉಸಿರು ಬಿಡುತ್ತದೆ. ರೋಗಿಗಳು ಗಂಟೆಗಟ್ಟಲೆ ಕದಲುವಂತಿಲ್ಲ, ಅವರ ರಕ್ತ ನಳಿಕೆಯಲ್ಲಿ ಹೊರಗೆ ಓಡುತ್ತಿರುತ್ತದೆ. ಸೆಕೆ ಹೆಚ್ಚಾದರೆ ಬಿಪಿ ಕುಸಿಯುತ್ತದೆ. ನಿನಗೆ ಭೂಪಟ ಬಿಡಿಸಲು ಕಲಿಸಿದ ಭೂಗೋಳದ ಮೇಷ್ಟ್ರು ಈಗ ನಮ್ಮ ಬಾಗಿಲ ಪಕ್ಕದ ಹಾಸಿಗೆಯವರು. ನಿನ್ನೆ ಮಾತಾಡುತ್ತಾ ಇದ್ದವರು ಹಾಗೆಯೇ ಕಣ್ಣು ಮೇಲೆ ಮಾಡಿದರು. ಕಾಲು ಎತ್ತಿ ಹಿಡಿದು, ಸಲೈನ್ ಬಿಟ್ಟು, ಕೆನ್ನೆ ತಟ್ಟಿ ಅವರನ್ನು ವಾಪಸ್ ಕರೆಯುವಷ್ಟರಲ್ಲಿ ನನ್ನ ಅಂಗೈಯೇ ತಣ್ಣಗಾಗಿತ್ತು. ಕೋಣೆಯಲ್ಲಿ ತಣ್ಣಗಿದ್ದದ್ದು ಅದೊಂದೇ.

ಎರಡು ಸಾಲು ಬರೆದು ಕೈತೊಳೆದುಕೊಳ್ಳುವುದನ್ನು ನಾನಂತೂ ನಿನಗೆ ಕಲಿಸಿರಲಿಲ್ಲ.

ಇತಿ,
ಮುಖ್ಯ ದಾದಿ, ಡಯಾಲಿಸಿಸ್ ವಿಭಾಗ


ಮಾರ್ಚ್ ೧೭

ಅಮ್ಮಾ,

ಹಾಗೆ ಹುದ್ದೆಯ ಹೆಸರಲ್ಲಿ ಸಹಿ ಹಾಕಬೇಡ, ಓದುವುದಕ್ಕೆ ಕಷ್ಟವಾಗುತ್ತದೆ.

ನನ್ನ ಮೇಜಿಗೆ ಬರುವುದು ಕಂಪ್ರೆಸರ್ ಮತ್ತು ಅದರ ಮೈಮೇಲಿನ ಸಂಖ್ಯೆ ಮಾತ್ರ. ಯಾವ ಊರಿಂದ, ಯಾರ ಮನೆಯಿಂದ ಎಂದು ನಮಗೆ ಗೊತ್ತಾಗುವುದಿಲ್ಲ. ಗರಗಸದಲ್ಲಿ ಕುಯ್ದು ಒಳಗೆ ಕಂಡದ್ದನ್ನು ಬರೆಯುವುದು ನನ್ನ ಕೆಲಸ. ಈಗ ಸಂಖ್ಯೆ ಹುಡುಕಿ ನೋಡಿದೆ, ನಿಮ್ಮದು ನನಗೆ ಚೆನ್ನಾಗಿ ನೆನಪಿದೆ. ತೆರೆದ ಕೂಡಲೇ ಮೂಗಿಗೆ ಹುಳಿ ಹುಳಿಯಾದ ಸುಟ್ಟ ವಾಸನೆ ಬಡಿಯಿತು. ಎಣ್ಣೆ ಜೇನಿನ ಬಣ್ಣ ಇರಬೇಕು, ಅದು ಕಾಡಿಗೆಯಂತಿತ್ತು. ತಂತಿಯ ಸುರುಳಿ ಕರಕಲಾಗಿತ್ತು. ಉಕ್ಕಿನ ಭಾಗಗಳ ಮೇಲೆ ತಾಮ್ರದ ತೆಳು ಲೇಪ ಹತ್ತಿತ್ತು. ಇದೆಲ್ಲ ಒಳಗೆ ನೀರಿನ ಪಸೆ ಸೇರಿದ್ದರ ಗುರುತು.

ಕಂಪ್ರೆಸರ್ ಎಸಿಯ ಹೃದಯ ಎಂದುಕೋ. ಗ್ಯಾಸ್ ಬಿಡುವ ಮೊದಲು ಪೈಪಿನೊಳಗಿನ ಗಾಳಿ, ತೇವ ಎಲ್ಲವನ್ನೂ ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ಈಗಿನ ಯಂತ್ರಗಳ ಎಣ್ಣೆ ಮಳೆಗಾಲದ ಉಪ್ಪಿನ ಹಾಗೆ, ತೇವ ಸಿಕ್ಕರೆ ಹೀರಿಕೊಂಡುಬಿಡುತ್ತದೆ. ಆಮೇಲೆ ಅದು ಆಮ್ಲವಾಗಿ ತಂತಿಯನ್ನು ತಿನ್ನುತ್ತದೆ. ಪಂಪ್ ಹಾಕದೆ ಕೂರಿಸಿದ ಯಂತ್ರ ಚೆನ್ನಾಗಿ ತಂಪು ಕೊಡುತ್ತಲೇ ಒಳಗೊಳಗೆ ಸಾಯುತ್ತಿರುತ್ತದೆ.

ಕಂಪ್ರೆಸರ್ ಕಾರ್ಖಾನೆಯಿಂದ ಹೊರಟಾಗ ಸರಿಯಾಗಿಯೇ ಇತ್ತಮ್ಮ. ನಿಮ್ಮ ಆಸ್ಪತ್ರೆಯವರು ಕಡಿಮೆ ದರಕ್ಕೆ ಯಾರನ್ನೋ ಕರೆಸಿ ಹಾಕಿಸಿರಬೇಕು. ನಾನು ಬರೆದದ್ದರಲ್ಲಿ ಸುಳ್ಳಿಲ್ಲ.

ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗ


ಮಾರ್ಚ್ ೨೨

ಮಗನೇ,

ಮೇಷ್ಟ್ರಿಗೆ ನಮಸ್ಕಾರ ತಿಳಿಸಲಿಲ್ಲ. ಯಾವ ಮುಖ ಇಟ್ಟುಕೊಂಡು ತಿಳಿಸಲಿ?

‘ಯಾರನ್ನೋ’ ಎಂದೆಯಲ್ಲ, ಆ ಯಾರೋ ನಿಮ್ಮ ಕಂಪನಿಯ ಅಂಗಿಯನ್ನೇ ತೊಟ್ಟುಕೊಂಡು ಬಂದಿದ್ದರು. ನಿಮ್ಮ ಕಂಪನಿಯ ವ್ಯಾನಿನಲ್ಲೇ ಬಂದಿದ್ದರು. ಬೇರೆಯವರ ಕೈಲಿ ಹಾಕಿಸಿದರೆ ವಾರಂಟಿ ಇಲ್ಲ ಎಂದು ಪೆಟ್ಟಿಗೆಯ ಮೇಲೆ ನೀವೇ ಅಚ್ಚು ಹಾಕಿಸಿದ್ದೀರಿ. ಈಗ ನಿಮ್ಮವರ ಕೈಲಿ ಹಾಕಿಸಿದರೂ ವಾರಂಟಿ ಇಲ್ಲವೇ? ಅಡುಗೆ ಮಾಡಿದವನು ನಿಮ್ಮವನು, ಬಡಿಸಿದವನು ನಿಮ್ಮವನು, ಹೊಟ್ಟೆ ಕೆಟ್ಟರೆ ಮಾತ್ರ ಉಂಡವನ ತಪ್ಪು. ಚೆನ್ನಾಗಿದೆ ನ್ಯಾಯ!

ಮೊದಲ ಸಲ ಅವರು ಕೆಲಸ ಮಾಡುವಾಗ ನಾನು ಅಲ್ಲೇ ಹಾಸಿಗೆ ಜೋಡಿಸುತ್ತಿದ್ದೆ. ಇಬ್ಬರು. ಒಬ್ಬನಿಗೆ ದಪ್ಪ ಮೀಸೆ, ಇನ್ನೊಬ್ಬನಿಗೆ ಕನ್ನಡಕ. ಗೋಡೆ ಕೊರೆಯುವಷ್ಟರಲ್ಲಿ ಬೇರೆ ಕಡೆಯಿಂದ ಕರೆ ಬಂತು, ಓಡಿದರು. ತಾಮ್ರದ ಪೈಪುಗಳು ಬಾಯಿ ತೆರೆದುಕೊಂಡೇ ವರಾಂಡದ ಅಂಚಿನಲ್ಲಿ ಬಿದ್ದಿದ್ದವು. ಆ ವಾರ ಮಳೆ ಹೊಯ್ದದ್ದು ನಿನಗೆ ಬೇರೆ ಹೇಳಬೇಕೇ? ಆಮೇಲೆ ಬಂದು, ಕಂಪ್ರೆಸರ್ ಇರುವ ಹೊರಗಿನ ಪೆಟ್ಟಿಗೆಯನ್ನು ಹಿಂದಿನ ಸಂದಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಬಿಸಿಗಾಳಿ ಬಂದು ಬಡಿಯುವ ಕಡೆಯೇ, ಗೋಡೆಗೆ ಮುಖ ಮಾಡಿ ಕೂರಿಸಿದರು. ಕೈತೊಳೆದು ಚಹಾ ಕುಡಿದು ಹೋದರು. ಚಳಿಗಾಲದಲ್ಲಿ ಎರಡನೆಯದನ್ನು ಕೂರಿಸಿದವರೂ ಅವರೇ. ಎರಡು ಸಲವೂ ಪಂಪು ಗಿಂಪು ನಾನು ಕಾಣೆ. ಕಂಡದ್ದು ಒಂದು ಸ್ಪಾನರ್, ಒಂದು ಗ್ಯಾಸಿನ ಸಿಲಿಂಡರ್, ತುಂಬಾ ಅವಸರ.

ನಿನ್ನ ಕಂಪ್ರೆಸರ್ ಸುಳ್ಳು ಹೇಳಲಿಲ್ಲ, ಒಪ್ಪಿದೆ. ಅದು ‘ಅಳವಡಿಕೆಯ ದೋಷ’ ಎಂದಿತು. ‘ಯಾರ ಅಳವಡಿಕೆ’ ಎಂದು ಕೇಳಬೇಕಾದವನು ನೀನಾಗಿದ್ದೆ.

ಕೋಣೆಗೆ ಬೀಗ ಬಿದ್ದಿದೆ. ರೋಗಿಗಳನ್ನು ಪಕ್ಕದ ಊರಿನ ಆಸ್ಪತ್ರೆಗೆ ಕಳಿಸುತ್ತಿದ್ದೇವೆ, ಬಸ್ಸಿನಲ್ಲಿ.

ಅಮ್ಮ


ಏಪ್ರಿಲ್ ೩

ಅಮ್ಮಾ,

ತಡವಾಯಿತು. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಹಳೆಯ ದಾಖಲೆ ತಿರುವಿದೆ. ಆಮೇಲೆ ವಿಚಾರಿಸಿದೆ. ನೀನು ಹೇಳಿದ್ದು ನಿಜ, ಅವರು ನಮ್ಮವರೇ. ನಿಮ್ಮ ಕಡೆಯ ಡಿಪೋದಲ್ಲಿ ಇರುವುದು ಒಂದೇ ಪಂಪು, ಅದೂ ಕೆಟ್ಟು ಕೂತಿದೆ. ಅವರಿಗೆ ದಿನಗೂಲಿಯಿಲ್ಲ, ಯಂತ್ರದ ಲೆಕ್ಕದಲ್ಲಿ ಸಂಬಳ. ನಿಧಾನವಾಗಿ ಮಾಡಿದವನ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಈ ವರ್ಷ ನಾನು ಕುಯ್ದ ಕಂಪ್ರೆಸರುಗಳಲ್ಲಿ ಬಹುಪಾಲು ಹೀಗೆಯೇ ಸತ್ತವು. ಎಲ್ಲದಕ್ಕೂ ನಾನು ಅದೇ ಎರಡು ಸಾಲು ಬರೆದೆ. ಇದನ್ನೆಲ್ಲ ಒಟ್ಟುಮಾಡಿ ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ಹೇಳಿದೆ. ‘ಸಾರ್, ತಪ್ಪು ನಮ್ಮ ಜನರದ್ದೇ. ಗಿರಾಕಿಗೆ ಇಲ್ಲ ಅನ್ನೋದು ಸರಿಯಲ್ಲ’ ಎಂದೆ. ಅವರು ನಕ್ಕರು. ‘ಕಂಪ್ರೆಸರ್ ಕುಯ್ಯೋಕೆ ನಿನ್ನನ್ನ ಇಟ್ಟಿರೋದು, ಕಂಪನೀನ ಕುಯ್ಯೋಕಲ್ಲ’ ಎಂದರು. ಸುತ್ತಲಿದ್ದವರೂ ನಕ್ಕರು. ನಾನೂ ಸ್ವಲ್ಪ ನಕ್ಕೆ, ಅದೇ ಈಗ ಉರಿಯುತ್ತಿರುವುದು.

ಈ ವಿಷಯ ಇಲ್ಲಿಗೆ ಬಿಡಮ್ಮ. ಹೊಸ ಕಂಪ್ರೆಸರನ್ನು ನಾನೇ ಕೊಂಡು ಕಳಿಸುತ್ತೇನೆ, ಯಾರಿಗೂ ಹೇಳುವುದು ಬೇಡ.

ನಿನ್ನ ಮಗ


ಏಪ್ರಿಲ್ ೧೦

ಮಗನೇ,

ನಿನ್ನ ದಾನ ಬೇಡ. ನೀನು ಕಳಿಸಿದ್ದನ್ನೂ ಅವರೇ ಹಾಗೆಯೇ ಕೂರಿಸುತ್ತಾರೆ, ಅದೂ ಸಾಯುತ್ತದೆ. ಎಷ್ಟು ಕಳಿಸುತ್ತೀ? ನಿನ್ನ ತಾಯಿ ದಾದಿಯಾಗಿರುವ ಆಸ್ಪತ್ರೆಗೆ ಮಾತ್ರ ಕಂಪ್ರೆಸರ್, ಉಳಿದವರಿಗೆಲ್ಲ ಎರಡು ಸಾಲು?

ಅಷ್ಟಕ್ಕೂ ಆಡಳಿತಾಧಿಕಾರಿ ರೋಸಿಹೋಗಿ ಆಸ್ಪತ್ರೆಯ ಖರ್ಚಿನಲ್ಲೇ ಮೂರನೆಯದನ್ನು ತರಿಸಿದರು. ಸೋಮವಾರ ಅದೇ ಮೀಸೆ, ಅದೇ ಕನ್ನಡಕ ಪೆಟ್ಟಿಗೆ ಹೊತ್ತು ಬಂದರು. ನಾನು ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ನಿಂತೆ, ಹಿಂದಿನ ಸಂದಿಗೆ ದಾರಿ ಅದರೊಳಗಿಂದಲೇ.

‘ಪಂಪ್ ಎಲ್ಲಿ?’ ಎಂದೆ.

‘ಯಾವ ಪಂಪಮ್ಮ?’

‘ಪೈಪಿನೊಳಗಿನ ಗಾಳಿ ಎಳೆಯೋ ಪಂಪು.’

‘ಅದೆಲ್ಲ ಬೇಡಮ್ಮ. ಗ್ಯಾಸಲ್ಲೇ ಊದಿ ಗಾಳಿ ಆಚೆ ಹಾಕ್ತೀವಿ. ಇಷ್ಟು ವರ್ಷ ಹಾಗೇ ಮಾಡಿರೋದು.’

‘ಇಷ್ಟು ವರ್ಷ ಮಾಡಿದ್ರಲ್ಲ, ಅದ್ರಲ್ಲಿ ಎರಡು ನನ್ನ ಕೋಣೇಲೇ ಸುಟ್ಟಿವೆ.’

‘ಅದು ಕರೆಂಟಿನ ತಾಪತ್ರಯ.’

‘ಅಲ್ಲವಂತೆ. ಹಾಕಿದವರ ತಪ್ಪು ಅಂತ ನಿಮ್ಮ ಕಂಪನೀನೇ ಬರೆದುಕೊಟ್ಟಿದೆ. ಓದಿ ಹೇಳ್ಲಾ?’

ಮೀಸೆಯ ಮುಖ ಕೆಂಪಾಯಿತು. ಹೊತ್ತ ಪೆಟ್ಟಿಗೆಯನ್ನು ನೆಲಕ್ಕಿಟ್ಟ. ‘ನಮ್ಮ ಮೇಲೆ ಹಾಕಿದ್ದಾರಾ? ದಿನಕ್ಕೆ ಆರು ಕಡೆ ಓಡಿಸೋರು ಅವ್ರು. ಪಂಪ್ ಕೊಡಿ ಅಂದ್ರೆ, ಹಿಂದೆಲ್ಲ ಪಂಪ್ ಇತ್ತೇನೋ ಅಂತ ಬೈಯೋರು ಅವ್ರು. ಸುಟ್ಟಾಗ ಮಾತ್ರ ನಮ್ಮ ಹೆಸರಾ?’ ಎಂದು ನನ್ನ ಮೇಲೆಯೇ ಕೂಗಾಡಿದ. ಕೂಗಾಡಲಿ ಎಂದು ಬಿಟ್ಟೆ. ಆ ಸಿಟ್ಟಿನ ವಿಳಾಸ ಬೇರೆ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಗಲಾಟೆ ಕೇಳಿ ಆಡಳಿತಾಧಿಕಾರಿ ಬಂದರು. ಅಷ್ಟರಲ್ಲಿ ನಾನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಾಗಿತ್ತು.

‘ಏನಿದು ರಗಳೆ ಸಿಸ್ಟರ್? ರೋಗಿಗಳು ಊರೂರು ಅಲೀತಿದ್ದಾರೆ, ನೀವು ಬಂದ ಕೆಲಸಗಾರರನ್ನ ತಡೀತೀರಿ!’

‘ಸಾರ್, ಇವತ್ತು ಹೀಗೇ ಹಾಕಿಸಿದ್ರೆ ಮಳೆಗಾಲದೊಳಗೆ ಮತ್ತೆ ಅಲೀತಾರೆ.’

‘ನೀವು ನರ್ಸಾ, ಮೆಕ್ಯಾನಿಕ್ಕಾ?’

‘ನರ್ಸು ಸಾರ್. ಅದಕ್ಕೇ ಕೂತಿದ್ದೀನಿ.’

ಮೀಸೆ, ಕನ್ನಡಕ ಇಬ್ಬರೂ ಪೆಟ್ಟಿಗೆ ಬಿಟ್ಟು ಹೊರಟುಹೋದರು. ಸಂಜೆಗೆ ನನಗೆ ನೋಟಿಸು ಬಂತು, ಕಾರಣ ಕೊಡಬೇಕಂತೆ. ಇಷ್ಟು ವರ್ಷದ ಚಾಕರಿಯಲ್ಲಿ ಮೊದಲನೆಯದು. ಕೊಡುತ್ತೇನೆ.

ಆದರೆ ನಿನಗೆ ಮಾತ್ರ ಒಂದು ಮಾತು. ಮೇಷ್ಟ್ರು ಈ ವಾರ ಪಕ್ಕದ ಊರಿಗೆ ಹೋಗಲಿಲ್ಲ. ಬಸ್ಸಿನ ಕುಲುಕಾಟ ತಾಳಲಾರರಂತೆ. ಮನೆಗೆ ಹೋಗಿ ನೋಡಿದೆ, ಕಾಲು ಊದಿದೆ, ಉಸಿರು ಮೇಲೆ ಮೇಲೆ ಇದೆ. ‘ಬೇಡ ಕಣಮ್ಮ, ಸಾಕಾಯ್ತು’ ಎಂದರು. ಬೈದು, ಬೇಡಿಕೊಂಡು, ರಿಕ್ಷಾ ತರಿಸಿ ನಾನೇ ಕರೆದುಕೊಂಡು ಹೋಗಿ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಬಾಗಿಲು ಬಿಟ್ಟಿದ್ದರೆ ಇವತ್ತು ಇವರು ನಮ್ಮಲ್ಲೇ, ತಂಪಿನಲ್ಲೇ ಮಲಗಿರುತ್ತಿದ್ದರು.

ನಾನು ಮಾಡಿದ್ದು ಸರಿಯೇ? ಜಾಣ ಉತ್ತರ ಬೇಡ. ಸರಿಯಾಗಿ ಹಾಕುವುದು ಹೇಗೆ, ಅದನ್ನು ನನಗೆ ತಿಳಿಯುವ ಹಾಗೆ ಬರೆ.

ಅಮ್ಮ


ಏಪ್ರಿಲ್ ೧೫

ಅಮ್ಮಾ,

ನೀನು ಮಾಡಿದ್ದು ಸರಿ. ಡಯಾಲಿಸಿಸ್ ನಳಿಕೆಯಲ್ಲಿ ಗಾಳಿಗುಳ್ಳೆ ಇರುವಾಗ ಯಾರಾದರೂ ‘ಹೊತ್ತಾಯಿತು, ಶುರುಮಾಡಿ’ ಎಂದರೆ ನೀನು ಮಾಡುತ್ತೀಯಾ? ನಳಿಕೆ ತೊಳೆದು, ಗುಳ್ಳೆ ಹೋಗುವ ತನಕ ತಟ್ಟಿ, ಕಣ್ಣಾರೆ ನೋಡಿ ಆಮೇಲೆ ತಾನೇ ರೋಗಿಗೆ ಜೋಡಿಸುವುದು? ಇದೂ ಅಷ್ಟೇ.

ನಿಮ್ಮ ಹಳೆಯ ಪೈಪುಗಳಲ್ಲಿ ಸುಟ್ಟ ಎಣ್ಣೆಯ ಆಮ್ಲ ಇನ್ನೂ ಅಂಟಿಕೊಂಡಿದೆ. ಎರಡನೆಯ ಕಂಪ್ರೆಸರನ್ನು ಕೊಂದದ್ದರಲ್ಲಿ ತೇವದ ಜೊತೆ ಮೊದಲನೆಯದರ ಆ ಕೊಳೆಯ ಪಾಲೂ ಇದೆ. ಹೊಸ ಪೈಪು ಹಾಕಿಸುವುದು ಉತ್ತಮ. ತೇವ ಮತ್ತು ಆಮ್ಲ ಹೀರುವ ಫಿಲ್ಟರನ್ನೂ ಹೊಸದಾಗಿ ಹಾಕಬೇಕು. ಪೈಪಿಗೆ ಬೆಸುಗೆ ಹಾಕುವಾಗ ಒಳಗೆ ನೈಟ್ರೋಜನ್ ಹರಿಯುತ್ತಿರಬೇಕು, ಇಲ್ಲದಿದ್ದರೆ ಒಳಗೋಡೆಗೆ ಮಸಿ ಕಟ್ಟಿ, ಆಮೇಲೆ ಉದುರಿ ಕಂಪ್ರೆಸರಿಗೆ ಸೇರುತ್ತದೆ. ಅದೇ ನೈಟ್ರೋಜನ್ ತುಂಬಿಟ್ಟು ಎಲ್ಲೂ ಸೋರುತ್ತಿಲ್ಲ ಎಂದು ನೋಡಬೇಕು. ಆಮೇಲೆ ಪಂಪು. ಹೊತ್ತು ನೋಡಿ ನಿಲ್ಲಿಸುವುದಲ್ಲ, ಒಳಗಿನ ಒತ್ತಡ ತೋರಿಸುವ ಮೀಟರ್ ನೋಡಿ ನಿಲ್ಲಿಸಬೇಕು. ನಿಲ್ಲಿಸಿದ ಮೇಲೂ ಅಂಕಿ ಏರುತ್ತದೆಯೇ ಎಂದು ಕಾಯಬೇಕು. ಏರಿದರೆ ಸೋರಿಕೆ ಇದೆ ಅಥವಾ ತೇವ ಉಳಿದಿದೆ. ಹೊರಗಿನ ಪೆಟ್ಟಿಗೆಯನ್ನು ಆ ಸಂದಿಯಿಂದ ತೆಗೆಸಿ ಗಾಳಿ ಆಡುವ ಕಡೆ ಇಡಿಸು. ಬಿಸಿ ಉಸಿರನ್ನೇ ಮತ್ತೆ ಎಳೆದುಕೊಂಡರೆ ಯಾವ ಹೃದಯ ತಾಳುತ್ತದೆ?

ಇನ್ನೊಂದು ವಿಷಯ. ಮೊನ್ನೆ ಮೇಜಿಗೆ ಬಂದ ಕಂಪ್ರೆಸರುಗಳಿಗೆಲ್ಲ ‘ಕಂಪನಿಯ ತಂಡದ ಅಳವಡಿಕೆಯ ದೋಷ. ವಾರಂಟಿ ಕೊಡತಕ್ಕದ್ದು’ ಎಂದು ಬರೆದೆ. ತಿದ್ದು ಎಂದರು, ತಿದ್ದಲಿಲ್ಲ. ನಾಳೆಯಿಂದ ನನಗೆ ಗೋದಾಮಿನಲ್ಲಿ ಕೆಲಸ. ರಜೆ ಕೇಳಿದೆ, ಗೋದಾಮಿನವನ ರಜೆ ಯಾರಿಗೆ ಬೇಕು, ತಕ್ಷಣ ಕೊಟ್ಟರು.

ಗೆಳೆಯನ ಪಂಪು, ಮೀಟರು ನನ್ನ ಹತ್ತಿರ ಇವೆ. ಶುಕ್ರವಾರದ ಬಸ್ಸಿಗೆ ಹೊರಡುತ್ತೇನೆ.

ನಿನ್ನ ಮಗ


ಮೇ ೨

ಮಗನೇ,

ನೀನು ಹೋದ ಮೇಲೆ ಮನೆಯಲ್ಲಿ ಒಂದು ವಾರ ಎಣ್ಣೆಯ ವಾಸನೆ ಇತ್ತು. ಟವೆಲ್ಲು ಒಗೆಯಲು ಹಾಕಿದ್ದೇನೆ, ಹೋಗಲಿಕ್ಕಿಲ್ಲ.

ನೀನೂ, ನೀನು ಕರೆಸಿದ್ದಕ್ಕೆ ಬಂದ ಮೀಸೆ, ಕನ್ನಡಕ ಇಬ್ಬರೂ ಹೊರಗಿನ ಪೆಟ್ಟಿಗೆಯನ್ನು ಆಸ್ಪತ್ರೆಯ ಮಾಡಿನ ಮೇಲಕ್ಕೆ ಏರಿಸಿ, ಜೋಡಿಸಿದ ಪೈಪಿಗೆ ಹೊದಿಕೆ ಸುತ್ತುತ್ತಿದ್ದಾಗ ಕೆಳಗೆ ನಡೆದದ್ದು ನಿನಗೆ ಗೊತ್ತಿಲ್ಲ. ಆಡಳಿತಾಧಿಕಾರಿ ಮೆಲ್ಲಗೆ ಬಂದು ನನ್ನ ಪಕ್ಕ ನಿಂತರು. ಪಂಪು ಗುರ್ರೆನ್ನುತ್ತಲೇ ಇತ್ತು. ‘ಇನ್ನೂ ಎಷ್ಟು ಹೊತ್ತು ಸಿಸ್ಟರ್?’ ‘ಮೀಟರ್ ಹೇಳೋ ತನಕ ಸಾರ್.’ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ಮೂರನೆಯ ಸಲ ಅವರೇ ಹೋಗಿ ಮೀಟರ್ ನೋಡಿ ಬಂದು, ‘ಇನ್ನೂ ಇಳೀಬೇಕು’ ಎಂದು ನನಗೇ ಪಾಠ ಹೇಳಿದರು! ನೋಟಿಸು ವಾಪಸ್ ಪಡೆದಿದ್ದಾರೆ. ಬಾಯಿಬಿಟ್ಟು ಹೇಳಲಿಲ್ಲ, ಮೇಜಿನ ಮೇಲಿಂದ ಕಾಗದ ಕಾಣೆಯಾಯಿತು, ಅಷ್ಟೇ.

ಮೀಸೆ ಇಳಿದು ಬಂದವನು ಮೊಣಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ನಿಂತ. ‘ಅಮ್ಮಾ, ನಿಮ್ಮ ಮಗ ಕೆಲಸಗಾರ. ಆದ್ರೆ ಅವ್ನಿಗೆ ಸಂಬಳ ತಿಂಗಳಿಗೆ. ನಾನು ಹೀಗೆ ಒಂದೊಂದಕ್ಕೆ ಅರ್ಧ ದಿನ ಕೂತ್ರೆ ಮಕ್ಕಳಿಗೆ ಏನು ತಿನ್ನಿಸ್ಲಿ?’ ಎಂದ. ‘ಒಬ್ಬನೇ ಕೂತ್ರೆ ಹಸಿವು. ಎಲ್ರೂ ಕೂತ್ರೆ?’ ಎಂದು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ. ಅವನು ಕನ್ನಡಕದವನ ಮುಖ ನೋಡಿದ. ಇಬ್ಬರೂ ವ್ಯಾನು ಹತ್ತಿ ಹೋದರು.

ಕೋಣೆ ತೆರೆದಿದ್ದೇವೆ. ಮೇಷ್ಟ್ರು ತಮ್ಮ ಹಾಸಿಗೆಗೆ ಬಂದರು. ನೀನು ಅವರ ಕಾಲು ಮುಟ್ಟಿದಾಗ ಅವರು ಏನೋ ಹೇಳಿದರಲ್ಲ, ಏನು ಎಂದು ಕೇಳಿದೆ. ‘ಅದು ನಂಗೂ ಅವ್ನಿಗೂ ಸೇರಿದ್ದು’ ಎಂದು ಮುಖ ತಿರುಗಿಸಿಕೊಂಡರು.

ಗೋದಾಮು ಹೇಗಿದೆ? ಊಟ ಹೊತ್ತಿಗೆ ಮಾಡು.

ಅಮ್ಮ


ಮೇ ೨೮

ಅಮ್ಮಾ,

ನಿನ್ನ ಬಾಯಿಗೆ ಬಂದ ಮಾತು ಎಲ್ಲಿಗೆ ಮುಟ್ಟಿತು ಗೊತ್ತೇ?

ಹದಿನೈದು ದಿನದ ಹಿಂದೆ ಕಂಪನಿ ಒಂದು ಸುತ್ತೋಲೆ ಹೊರಡಿಸಿತು. ಇನ್ನು ಮುಂದೆ ಪ್ರತಿ ಗಿರಾಕಿಯೂ ‘ಪಂಪ್ ಬಳಸಲಾಗಿದೆ’ ಎಂದು ಸಹಿ ಹಾಕಿಕೊಡಬೇಕಂತೆ. ಪಂಪು ಮಾತ್ರ ಕೊಡಲಿಲ್ಲ! ಅಂದರೆ ಮುಂದೆ ಸುಟ್ಟರೆ ಹಾಕಿದವನೂ ಸಿಕ್ಕಿಬೀಳಬೇಕು, ಗಿರಾಕಿಯೂ ಸಿಕ್ಕಿಬೀಳಬೇಕು, ಕಂಪನಿಯ ಬಟ್ಟೆಗೆ ಮಾತ್ರ ಕಲೆ ಹತ್ತಬಾರದು. ಅದನ್ನು ಓದಿ ಹರಿದು ಹಾಕಿದೆ.

ನನಗಿಂತ ಮೊದಲು ಸಿಡಿದದ್ದು ನಿಮ್ಮ ಕಡೆಯ ಡಿಪೋ. ಮೀಸೆಯವರ ತಂಡ ಬೆಳಿಗ್ಗೆ ವ್ಯಾನಿಗೆ ಒಂದು ಪೆಟ್ಟಿಗೆಯನ್ನೂ ಏರಿಸಲಿಲ್ಲವಂತೆ. ‘ಪಂಪ್ ಕೊಡಿ, ಹಾಕೋಕೆ ಹೊತ್ತು ಕೊಡಿ, ಹೊತ್ತಿಗೆ ತಕ್ಕ ಕೂಲಿ ಕೊಡಿ. ಅಲ್ಲೀತನಕ ನಿಮ್ಮ ಎಸಿ ನೀವೇ ಹೊತ್ಕೊಳ್ಳಿ’ ಎಂದು ಗೇಟಿನ ನೆರಳಿನಲ್ಲಿ ಕೂತುಬಿಟ್ಟರಂತೆ. ಉರಿಬೇಸಿಗೆ, ಅಂಗಡಿಗಳಲ್ಲಿ ಮಾರಿದ ಯಂತ್ರಗಳು ಹಾಗೇ ಬಿದ್ದಿವೆ, ಕೊಂಡವರು ಬಂದು ಬೈಯುತ್ತಿದ್ದಾರೆ. ಪಕ್ಕದ ಡಿಪೋದವರೂ ಕೂತರು. ಆಮೇಲೆ ಇನ್ನೊಂದು.

ನಿನ್ನೆ ನಮ್ಮ ಗೋದಾಮಿಗೆ ಲಾರಿ ಬಂತು. ಪೆಟ್ಟಿಗೆ ಇಳಿಸಿಕೊಂಡವನು ನಾನೇ. ಬಿಚ್ಚಿ ನೋಡಿದರೆ ಎಲ್ಲ ಪಂಪುಗಳು, ವ್ಯಾನಿಗೊಂದು. ತಂಡಗಳಿಗೆ ದಿನದ ಕೆಲಸ ಅರ್ಧಕ್ಕೆ ಇಳಿದಿದೆ. ಕೂಲಿಯ ಮಾತು ಇನ್ನೂ ಜಗ್ಗಾಟದಲ್ಲಿದೆ.

ನನ್ನನ್ನು ವಾಪಸ್ ಕರೆದಿಲ್ಲ. ನನ್ನ ಜಾಗದಲ್ಲಿ ಕೂತವನು ಹಳೆಯ ಎರಡು ಸಾಲನ್ನೇ ಬರೆಯುತ್ತಿದ್ದಾನಂತೆ. ಊಟದ ಹೊತ್ತಿನಲ್ಲಿ ಅವನ ಪಕ್ಕ ಹೋಗಿ ಕೂರುತ್ತಿದ್ದೇನೆ. ನನ್ನ ಅಮ್ಮನ ಕಥೆ ದಿನಾ ಸ್ವಲ್ಪ ಸ್ವಲ್ಪ ಹೇಳುತ್ತಿದ್ದೇನೆ. ನಿನ್ನೆ ಅವನು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದ, ‘ಆಮೇಲೆ ಆ ಮೇಷ್ಟ್ರು?’

ನಿನ್ನ ಮಗ


ಜೂನ್ ೧೯

ಮಗನೇ,

ನಿಮ್ಮ ಕಂಪನಿಯಿಂದ ಪತ್ರ ಬಂದಿದೆ. ಮೂರನೆಯ ಕಂಪ್ರೆಸರಿನ ಖರ್ಚನ್ನು ಆಸ್ಪತ್ರೆಗೆ ಹಿಂದಿರುಗಿಸುತ್ತಾರಂತೆ. ‘ಹೊಣೆಗಾರಿಕೆಯಿಂದಲ್ಲ, ಕೇವಲ ಸೌಜನ್ಯಕ್ಕಾಗಿ’. ಸೌಜನ್ಯವಂತೆ! ಮನೆಗೆ ಬೆಂಕಿ ಇಟ್ಟವನು ಒಂದು ಕೊಡ ನೀರು ತಂದು, ಇದು ನನ್ನ ದೊಡ್ಡತನ ಎಂದ ಹಾಗಾಯಿತು. ‘ತಗೊಳ್ಳೋಣ ಬಿಡಿ ಸಿಸ್ಟರ್’ ಎಂದರು ಆಡಳಿತಾಧಿಕಾರಿ. ತೆಗೆದುಕೊಳ್ಳಿ, ಆದರೆ ಧನ್ಯವಾದ ಬರೆಯಬೇಡಿ ಎಂದೆ. ಬರೆಯಲಿಲ್ಲ. ಅವರ ಮೇಲಿನ ಗೌರವ ಒಂದು ಗುಲಗಂಜಿಯಷ್ಟು ಏರಿತು.

ಈ ವರ್ಷ ಇಲ್ಲಿ ಮಳೆ ಇನ್ನೂ ಬಂದಿಲ್ಲ, ಸೆಕೆಯೂ ಇಳಿದಿಲ್ಲ. ಯಂತ್ರ ಸದ್ದೇ ಇಲ್ಲದೆ ಓಡುತ್ತಿದೆ. ಮೀಸೆ ಬೇರೆ ಕೆಲಸಕ್ಕೆ ಈ ಕಡೆ ಬಂದಾಗಲೆಲ್ಲ ಮಾಡು ಹತ್ತಿ ಪೈಪಿನ ಮೇಲೆ ಕೈಯಿಟ್ಟು ನೋಡಿ ಹೋಗುತ್ತಾನೆ.

ಇವತ್ತು ನಡೆದದ್ದು ಕೇಳು. ಹೊರಗೆ ರಸ್ತೆಯ ಡಾಂಬರು ಕರಗುತ್ತಿತ್ತು. ಒಳಗೆ ಎಲ್ಲರೂ ನಿದ್ದೆ. ನಾನು ಬಾಗಿಲ ಹತ್ತಿರ ನಿಂತು, ಇಷ್ಟಕ್ಕೆ ಎಷ್ಟು ಬಡಿದಾಡಬೇಕಾಯಿತು, ಯಾರ್ಯಾರ ಬಾಯಿಗೆ ಬೀಳಬೇಕಾಯಿತು ಎಂದು ಯೋಚಿಸುತ್ತಿದ್ದೆ. ಆಗ ಮೇಷ್ಟ್ರು ಒಂದು ಕಣ್ಣು ತೆರೆದು, ‘ಏನಮ್ಮ ಇದು, ಧ್ರುವ ಪ್ರದೇಶ ಮಾಡಿಟ್ಟಿದ್ದೀಯಲ್ಲ! ಚಳಿ ತಡಿಯೋಕಾಗ್ತಿಲ್ಲ, ಆ ದರಿದ್ರ ಎಸಿ ಆರಿಸು’ ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ‘ಆರಿಸೋದಿಲ್ಲ! ನಾನು ಇಲ್ಲಿ ಇರೋ ತನಕ ಆರಿಸೋದಿಲ್ಲ!’ ಎಂದು ಇಡೀ ಕೋಣೆ ಎಚ್ಚರವಾಗುವ ಹಾಗೆ ಕೂಗಿದೆ. ಅವರು ಬೆಚ್ಚಿಬಿದ್ದು ಬಾಯಿ ಮುಚ್ಚಿಕೊಂಡರು. ಆಮೇಲೆ ಕಪಾಟಿನಿಂದ ಎರಡು ಕಂಬಳಿ ತಂದು ಅವರಿಗೆ ಗಂಟಲವರೆಗೂ ಹೊದಿಸಿದೆ.

ಅಮ್ಮ